ಹ್ಯಾಸ್ಕೆಲ್‌ನಿಂದ ಓಡಿಸಿದ ಪೈಪ್‌ಲೈನ್ ಸುಗ್ಗಿಯಲ್ಲೇ ಏಕೆ ನಿಲ್ಲುತ್ತದೆ: ದೋಷ ನಿವಾರಣೆ ಕೈಪಿಡಿ

ಲಕ್ಷಣ ಹೀಗಿರುತ್ತದೆ. ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಹೊರಗಿನ ಕಮಾಂಡ್‌ಗಳನ್ನು ಪೈಪ್‌ಲೈನ್ ಆಗಿ, ಅಂದರೆ ಒಂದರ ಉತ್ತರ ಇನ್ನೊಂದಕ್ಕೆ ಹರಿಯುವಂತೆ, ಓಡಿಸಿ, ಅವು ಕೊಟ್ಟ ಉತ್ತರವನ್ನು ಓದಿಕೊಂಡು ಲೆಕ್ಕ ಹಾಕುತ್ತದೆ. ತಿಂಗಳುಗಟ್ಟಲೆ ಸರಿಯಾಗಿ ನಡೆದದ್ದು ಒಂದು ರಾತ್ರಿ ನಿಂತುಬಿಡುತ್ತದೆ. ದೋಷದ ಸಂದೇಶ ಇಲ್ಲ, ಸಿಪಿಯು ಬಳಕೆ ಸೊನ್ನೆ, ಲಾಗ್‌ನ ಕೊನೆಯ ಸಾಲು ‘ತಪಾಸಣೆ ಆರಂಭ’. ಕೊಂದು ಮತ್ತೆ ಓಡಿಸಿದರೆ ಅದೇ ಜಾಗದಲ್ಲಿ ನಿಲ್ಲುತ್ತದೆ. ಹಿಂದಿನ ತಿಂಗಳ ಫೈಲ್ ಕೊಟ್ಟರೆ ಸಲೀಸಾಗಿ ಮುಗಿಯುತ್ತದೆ.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ನೋಡಿದ್ದು ಇದನ್ನೇ. ಅಲ್ಲಿ ವೇಬ್ರಿಡ್ಜ್‌ನ ಕಂಪ್ಯೂಟರ್ ದಿನವಿಡೀ ತೂಕದ ಚೀಟಿಗಳನ್ನು ಒಂದು ಫೈಲಿಗೆ ಬರೆಯುತ್ತದೆ: ಲಾರಿಯ ಸಂಖ್ಯೆ, ರೈತರ ಊರು, ತಳಿ, ಒಟ್ಟು ತೂಕ, ಖಾಲಿ ಲಾರಿಯ ತೂಕ. ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಸೌಲಭ್ಯ) ಎಬ್ಬಿಸುವ ಹ್ಯಾಸ್ಕೆಲ್ ಪ್ರೋಗ್ರಾಂ ಜಿಜಿಪ್‌ನಿಂದ ಆ ಸಂಕುಚಿತ ಫೈಲ್ ಬಿಚ್ಚಿಸಿ, ತಪಾಸಣೆಯ ಸ್ಕ್ರಿಪ್ಟ್‌ಗೆ ಹಾಯಿಸಿ, ಸಾರ್ಟ್‌ನಿಂದ ಸಾಲುಗಳನ್ನು ಕ್ರಮವಾಗಿ ಜೋಡಿಸಿ, ಆಕ್ ಎಂಬ ಕಮಾಂಡ್‌ನಿಂದ ಊರುವಾರು ಮೊತ್ತ ತೆಗೆಸುತ್ತದೆ. ಊರಿನ ಹೆಸರಿನ ಕಾಗುಣಿತ ಪಟ್ಟಿಯಲ್ಲಿರುವಂತೆ ಇಲ್ಲದಿದ್ದರೆ ತಪಾಸಣೆಯ ಸ್ಕ್ರಿಪ್ಟ್ ಸ್ಟ್ಯಾಂಡರ್ಡ್ ಎರರ್‌ಗೆ (ಮಾಮೂಲಿ ಔಟ್‌ಪುಟ್‌ನಿಂದ ಬೇರೆಯಾಗಿ, ದೂರು ಹೇಳಲು ಇರುವ ದಾರಿ) ಒಂದು ಎಚ್ಚರಿಕೆಯ ಸಾಲು ಬರೆಯುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಬೆರಳೆಣಿಕೆಯ ಲಾರಿಗಳು. ನವೆಂಬರ್ ಕೊನೆಗೆ ಮುಂಗಾರಿನ ಭತ್ತ ಕಟಾವಾಗಿ, ಸಿಂಧನೂರು, ಕಾರಟಗಿ, ಸಿರುಗುಪ್ಪದ ಕಡೆಯಿಂದ ಲಾರಿ, ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತ ವಾರದಲ್ಲಿ ಪ್ರೋಗ್ರಾಂ ನಿಂತಿತು. ‘ಸರ್, ಪಟ್ಟಿ ಬಂದಿಲ್ಲ. ರೈತರು ಬಂದು ಕುಳಿತಿದ್ದಾರೆ, ಯಾರಿಗೆ ಎಷ್ಟು ಎಂದು ಹೇಳಲಿ?’ ಎಂದು ಗುಮಾಸ್ತರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಬೇಗ ಸಿಗಬೇಕು.

ಈ ಬಗೆಯ ದೋಷ ಎದುರಾದಾಗ ಕೋಡ್ ಓದುವುದನ್ನು ಮೊದಲ ಕೆಲಸವಾಗಿ ಇಟ್ಟುಕೊಳ್ಳಬೇಡಿ. ಫಂಕ್ಷನಲ್ ಭಾಷೆ ಬಳಸುವವರಿಗೆ ಟೈಪ್‌ಗಳ (ಫಂಕ್ಷನ್ ಯಾವ ಬಗೆಯ ಮೌಲ್ಯ ಪಡೆದು ಯಾವ ಬಗೆಯದನ್ನು ಕೊಡುತ್ತದೆ ಎಂಬ ಘೋಷಣೆ) ಮೇಲೆ ನಂಬಿಕೆ ಹೆಚ್ಚು, ಆ ನಂಬಿಕೆಗೆ ತಕ್ಕ ಕಾರಣವೂ ಇದೆ. ಆದರೆ ಕಮಾಂಡ್ ಓಡಿಸುವ ಫಂಕ್ಷನ್‌ನ ಟೈಪ್ ಹೇಳುವುದು ಇಷ್ಟೇ: ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಒಳಗೆ ಹೋಗುತ್ತದೆ, ಒಂದು ಸ್ಟ್ರಿಂಗ್ ಹೊರಗೆ ಬರುತ್ತದೆ. ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ದತ್ತಾಂಶ ಒಯ್ಯುವ ಪೈಪ್‌ನ ಯಾವ ತುದಿ ಯಾರ ಕೈಯಲ್ಲಿದೆ, ಯಾರು ಬರೆಯಲು ಕಾಯುತ್ತಿದ್ದಾರೆ, ಯಾರು ಓದದೆ ಕುಳಿತಿದ್ದಾರೆ ಎಂಬುದು ಟೈಪ್‌ನಲ್ಲಿ ಇಲ್ಲ. ಅದು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳು) ಮಾತ್ರ ಗೊತ್ತು, ಕೇಳಿದರೆ ಹೇಳುತ್ತದೆ.

ನಿಂತಿರುವಾಗಲೇ ನೋಡಿ

ಪ್ರೋಗ್ರಾಂ ಅನ್ನು ಕೊಲ್ಲುವ ಮೊದಲು ಇನ್ನೊಂದು ಟರ್ಮಿನಲ್ ತೆರೆಯಿರಿ. ಕೊಂದರೆ ಸಾಕ್ಷಿ ಹೋಗುತ್ತದೆ. ಓಡುತ್ತಿರುವ ಪ್ರೊಸೆಸ್‌ಗಳ (ಪ್ರೋಗ್ರಾಂಗಳ) ಪಟ್ಟಿ ಕೊಡುವ ಪಿಎಸ್ ಕಮಾಂಡ್‌ಗೆ ಪಿಐಡಿ (ಪ್ರೊಸೆಸ್‌ನ ಗುರುತು ಸಂಖ್ಯೆ), ಸ್ಟ್ಯಾಟ್ (ಸ್ಥಿತಿ), ಡಬ್ಲ್ಯುಚಾನ್, ಕಮಾಂಡ್ ಎಂಬ ನಾಲ್ಕು ಅಂಕಣಗಳನ್ನು ತೋರಿಸಲು ಹೇಳಿ. ನಿದ್ರೆಯಲ್ಲಿರುವ ಪ್ರೊಸೆಸ್ ಕರ್ನಲ್‌ನ ಯಾವ ಜಾಗದಲ್ಲಿ ಕಾಯುತ್ತಿದೆ ಎಂಬುದನ್ನು ಡಬ್ಲ್ಯುಚಾನ್ ತೋರಿಸುತ್ತದೆ. ಅಲ್ಲಿ ಪೈಪ್‌-ರೈಟ್ ಎಂದಿದ್ದರೆ ಆ ಪ್ರೊಸೆಸ್ ಬರೆಯಲು ಹೊರಟಿದೆ, ಪೈಪ್ ತುಂಬಿದೆ, ಆ ಕಡೆಯವರು ಓದುತ್ತಿಲ್ಲ. ಪೈಪ್‌-ರೀಡ್ ಎಂದಿದ್ದರೆ ಅದು ಓದಲು ಕಾಯುತ್ತಿದೆ. ಬರೆಯುವ ತುದಿಯನ್ನು ಯಾರೋ ಹಿಡಿದುಕೊಂಡಿದ್ದಾರೆ, ಬರೆಯುತ್ತಲೂ ಇಲ್ಲ, ಮುಚ್ಚುತ್ತಲೂ ಇಲ್ಲ. ಕರ್ನಲ್ ಆವೃತ್ತಿಗೆ ತಕ್ಕಂತೆ ಈ ಹೆಸರುಗಳು ಸ್ವಲ್ಪ ಬದಲಾಗುತ್ತವೆ. ಹೆಸರಿನ ಬದಲು ಬರಿಯ ಗೀಟು ಕಂಡರೆ ರೂಟ್ ಆಗಿ ನೋಡಿ.

ಈ ಎರಡರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಆದಂತೆ, ಏಕೆಂದರೆ ಎರಡಕ್ಕೂ ಪರಿಹಾರ ಬೇರೆ ಬೇರೆ. ಖಚಿತಪಡಿಸಿಕೊಳ್ಳಲು ಆ ಪಿಐಡಿಗೆ ಸ್ಟ್ರೇಸ್ ಹಚ್ಚಿ. ಪ್ರೊಸೆಸ್ ಕರ್ನಲ್‌ಗೆ ಇಡುವ ಬೇಡಿಕೆಗಳನ್ನು, ಅಂದರೆ ಸಿಸ್ಟಂ ಕಾಲ್‌ಗಳನ್ನು, ಅದು ತೋರಿಸುತ್ತದೆ. ಗಿರಣಿಯ ಯಂತ್ರದಲ್ಲಿ ತಪಾಸಣೆಯ ಸ್ಕ್ರಿಪ್ಟ್‌ಗೆ ಸ್ಟ್ರೇಸ್ ಹಚ್ಚಿದಾಗ ಪರದೆಯ ಮೇಲೆ ಬಂದದ್ದು ಒಂದೇ ಸಾಲು: ರೈಟ್, ಆವರಣ ಚಿಹ್ನೆ, 2, ಅಲ್ಪವಿರಾಮ, ಆಮೇಲೆ ಎಚ್ಚರಿಕೆಯ ಸಾಲಿನ ಆರಂಭದ ಬೈಟ್‌ಗಳು. ಕೊನೆಯಲ್ಲಿ ಬರಬೇಕಾದ ‘ಸಮ’ ಚಿಹ್ನೆಯೂ ಇಲ್ಲ, ಎಷ್ಟು ಬೈಟ್ ಬರೆದಾಯಿತು ಎಂಬ ಸಂಖ್ಯೆಯೂ ಇಲ್ಲ. ಆ ಸಿಸ್ಟಂ ಕಾಲ್ ಇನ್ನೂ ಮುಗಿದಿಲ್ಲ ಎಂದು ಅರ್ಥ. 2 ಎಂದರೆ ಸ್ಟ್ಯಾಂಡರ್ಡ್ ಎರರ್. ಸ್ಕ್ರಿಪ್ಟ್ ಎಚ್ಚರಿಕೆ ಹೇಳಲು ಬಾಯಿ ತೆರೆದು ನಿಂತಿತ್ತು, ಕೇಳುವವರಿರಲಿಲ್ಲ.

ಪೇರೆಂಟ್ ಪ್ರೊಸೆಸ್, ಅಂದರೆ ನಿಮ್ಮ ಹ್ಯಾಸ್ಕೆಲ್ ಪ್ರೋಗ್ರಾಂ, ಡಬ್ಲ್ಯುಚಾನ್‌ನಲ್ಲಿ ಇಷ್ಟು ಸ್ಪಷ್ಟವಾಗಿ ಮಾತನಾಡುವುದಿಲ್ಲ. ಥ್ರೆಡೆಡ್ ರನ್‌ಟೈಮ್ (ಹಲವು ಥ್ರೆಡ್‌ಗಳನ್ನು, ಅಂದರೆ ಕೆಲಸದ ಎಳೆಗಳನ್ನು, ಒಟ್ಟಿಗೆ ನಡೆಸುವ ವ್ಯವಸ್ಥೆ) ಇದ್ದರೆ ಸಾಮಾನ್ಯವಾಗಿ ಫ್ಯೂಟೆಕ್ಸ್ ಅಥವಾ ಇಪೋಲ್ ಎಂದಷ್ಟೇ ಕಾಣುತ್ತದೆ, ಅಂದರೆ ಏನನ್ನೋ ಕಾಯುತ್ತಿದೆ ಎಂದಷ್ಟೇ. ಹಾಗಾಗಿ ಚೈಲ್ಡ್ ಪ್ರೊಸೆಸ್‌ಗಳಿಂದ, ಅಂದರೆ ಅದು ಓಡಿಸಿದ ಕಮಾಂಡ್‌ಗಳಿಂದ, ಶುರು ಮಾಡುವುದು ಒಳ್ಳೆಯದು.

ತುಂಬಿದ ಪೈಪ್

ಲಿನಕ್ಸ್‌ನಲ್ಲಿ ಒಂದು ಪೈಪ್ ಮಾಮೂಲಾಗಿ 65,536 ಬೈಟ್‌ಗಳನ್ನು ಹಿಡಿಯುತ್ತದೆ: 4,096 ಬೈಟ್‌ನ ಹದಿನಾರು ಪುಟಗಳು. 2005ರಲ್ಲಿ ಬಂದ 2.6.11 ಕರ್ನಲ್‌ಗೆ ಮುಂಚೆ ಒಂದೇ ಪುಟದಷ್ಟು ಜಾಗವಿತ್ತು. ಆ ಮಿತಿ ಮುಟ್ಟಿದ ಮೇಲೆ ಬರೆಯುವವನು ಅಲ್ಲೇ ಮಲಗುತ್ತಾನೆ, ಓದುವವನು ಜಾಗ ಖಾಲಿ ಮಾಡುವವರೆಗೆ ಏಳುವುದಿಲ್ಲ.

ಗಿರಣಿಯ ಪ್ರೋಗ್ರಾಂ, ಹೊರಗಿನ ಕಮಾಂಡ್ ಹುಟ್ಟಿಸುವ ಕ್ರಿಯೇಟ್‌ಪ್ರೊಸೆಸ್ ಫಂಕ್ಷನ್ ಕರೆಯುವಾಗ, ಸ್ಟ್ಯಾಂಡರ್ಡ್ ಔಟ್‌ಪುಟ್, ಸ್ಟ್ಯಾಂಡರ್ಡ್ ಎರರ್ ಎರಡಕ್ಕೂ ಕ್ರಿಯೇಟ್‌ಪೈಪ್ (ಹೊಸ ಪೈಪ್ ಮಾಡು) ಎಂದು ಹೇಳಿತ್ತು. ಆಮೇಲೆ ಔಟ್‌ಪುಟ್ ಅನ್ನು ಕೊನೆಯವರೆಗೆ ಓದಿ, ಅದು ಮುಗಿದ ಬಳಿಕ ಎರರ್ ಅನ್ನು ಓದಲು ಹೋಗುತ್ತಿತ್ತು. ಓದಲು ಎಷ್ಟು ಸಹಜವಾದ ಕೋಡ್! ಎಚ್ಚರಿಕೆಗಳು ಕಡಿಮೆ ಇದ್ದಾಗ ಅವೆಲ್ಲ ಪೈಪ್‌ನಲ್ಲೇ ತಂಗಿರುತ್ತಿದ್ದವು, ತೊಂದರೆಯಿಲ್ಲ. ಎಚ್ಚರಿಕೆಯ ಒಂದು ಸಾಲು 128 ಬೈಟ್ ಎಂದಿಟ್ಟುಕೊಳ್ಳಿ. 512 ಸಾಲಿಗೆ ಪೈಪ್ ಭರ್ತಿ. 513ನೆಯ ಎಚ್ಚರಿಕೆಗೆ ಸ್ಕ್ರಿಪ್ಟ್ ಮಲಗುತ್ತದೆ, ಮಲಗಿದ್ದರಿಂದ ತನ್ನ ಔಟ್‌ಪುಟ್ ಮುಗಿಸುವುದಿಲ್ಲ, ಅದು ಮುಗಿಯದೆ ಹ್ಯಾಸ್ಕೆಲ್ ಎರರ್ ಕಡೆಗೆ ತಿರುಗುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾರೆ.

ಕನ್ನಡ ದತ್ತಾಂಶ ಇರುವವರು ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್‌-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಸ್ವರಚಿಹ್ನೆ, ಅನುಸ್ವಾರ, ವಿರಾಮಗಳೂ ಪ್ರತ್ಯೇಕ ಸಂಕೇತಗಳೇ. ಗಂಗಾವತಿ ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ ಏಳು ಸಂಕೇತ, 21 ಬೈಟ್. ಅದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಹತ್ತು ಬೈಟ್. ಇಂಗ್ಲಿಷ್ ದತ್ತಾಂಶ ಹಾಕಿ ಪರೀಕ್ಷಿಸಿದ ಪ್ರೋಗ್ರಾಂ ನಮ್ಮ ಊರುಗಳ ಹೆಸರಿನ ಮುಂದೆ ಬೇಗ ಮುಗ್ಗರಿಸುವುದಕ್ಕೆ ಇದೂ ಒಂದು ಕಾರಣ.

ಅನುಮಾನ ಪರಿಹರಿಸಿಕೊಳ್ಳಲು ಸುಲಭವಾದ ಪರೀಕ್ಷೆ ಇದೆ. ತಪಾಸಣೆಯ ಸ್ಕ್ರಿಪ್ಟ್ ಜಾಗದಲ್ಲಿ, ಸೊನ್ನೆ ಮೌಲ್ಯದ ಬೈಟ್‌ಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಸುರಿಯುವ ಹೆಡ್ ಕಮಾಂಡ್ (ಮೊದಲಿನಿಂದ ಹೇಳಿದಷ್ಟನ್ನು ಮಾತ್ರ ಕೊಡುವಂಥದ್ದು) ಇಡಿ. ಎಷ್ಟು ಬೈಟ್ ಎಂಬುದನ್ನು ಸಿ ಆಯ್ಕೆಯಲ್ಲಿ ಕೊಡಿ. 65,536 ಎಂದು ಕೊಟ್ಟಾಗ ಮುಗಿದು, 65,537 ಎಂದು ಕೊಟ್ಟಾಗ ನಿಂತರೆ ಬೇರೆ ಪುರಾವೆ ಬೇಡ. ನನ್ನ ಅಭಿಪ್ರಾಯದಲ್ಲಿ ಹೊರಗಿನ ಕಮಾಂಡ್ ಓಡಿಸುವ ಯಾವ ಪ್ರೋಗ್ರಾಂಗೂ ಈ ಪರೀಕ್ಷೆ ಬಳಕೆಗೆ ಬಿಡುವ ಮುನ್ನವೇ ಆಗಬೇಕು. ಒಂದು ಸಾಲಿನ ಕೆಲಸ, ಒಂದು ಸುಗ್ಗಿಯ ಪರದಾಟವನ್ನು ಉಳಿಸುತ್ತದೆ.

ಇದೇ ದೋಷದ ಇನ್ನೆರಡು ರೂಪಗಳು ಹ್ಯಾಸ್ಕೆಲ್‌ಗೇ ವಿಶೇಷವಾದವು. ಮೊದಲನೆಯದು ಸೋಮಾರಿ ಓದು. ಪೈಪ್‌ನಿಂದ ಓದಬೇಕಾದ ಎಚ್‌ಗೆಟ್‌ಕಂಟೆಂಟ್ಸ್ ಫಂಕ್ಷನ್ ಕರೆದ ಕೂಡಲೇ ಏನನ್ನೂ ಓದುವುದಿಲ್ಲ. ಆ ಸ್ಟ್ರಿಂಗ್ ಅನ್ನು ಯಾರಾದರೂ ಕೇಳಿದಾಗ ಓದುತ್ತದೆ. ಅದರ ಮುಂದಿನ ಸಾಲಿನಲ್ಲೇ, ಕಮಾಂಡ್ ಮುಗಿಯುವವರೆಗೆ ಕಾಯುವ ವೇಟ್‌ಫಾರ್‌ಪ್ರೊಸೆಸ್ ಬರೆದರೆ, ಓದು ಶುರುವಾಗುವ ಮೊದಲೇ ಕಾಯುವಿಕೆ ಶುರುವಾಗುತ್ತದೆ. ಕಣ್ಣಿಗೆ ‘ಓದು, ಆಮೇಲೆ ಕಾಯಿ’ ಎಂಬ ಕ್ರಮ ಕಾಣುತ್ತದೆ, ನಡೆಯುವುದು ತದ್ವಿರುದ್ಧ. ಸ್ಟ್ರಿಂಗ್‌ನ ಉದ್ದವನ್ನು ಇವ್ಯಾಲ್ಯುಯೇಟ್‌ನಿಂದ ಲೆಕ್ಕ ಹಾಕಿಸಿ, ಹಾಗೆ ಅದನ್ನು ಪೂರ್ತಿ ಎಳೆದುಕೊಂಡು ಆಮೇಲೆ ಕಾಯಬೇಕು, ಅಥವಾ ಸ್ಟ್ರಿಕ್ಟ್ (ಕರೆದ ಕೂಡಲೇ ಪೂರ್ತಿ ಓದುವ) ಬೈಟ್‌ಸ್ಟ್ರಿಂಗ್‌ನ ಓದು ಬಳಸಬೇಕು. ನಾನು ಎರಡನೆಯದನ್ನೇ ಆರಿಸುತ್ತೇನೆ. ಪ್ರೊಸೆಸ್ ಜೊತೆಗಿನ ವ್ಯವಹಾರದಲ್ಲಿ ಸೋಮಾರಿತನಕ್ಕೆ ಜಾಗ ಕೊಡಬಾರದು.

ಎರಡನೆಯದು ಇನ್ನೂ ಗುಪ್ತ. ಓದಲು ಬೇರೆ ಥ್ರೆಡ್ ಹುಟ್ಟುಹಾಕಿದ್ದೀರಿ, ಮುಖ್ಯ ಥ್ರೆಡ್ ವೇಟ್‌ಫಾರ್‌ಪ್ರೊಸೆಸ್‌ನಲ್ಲಿದೆ, ಎಲ್ಲವೂ ಸರಿ, ಆದರೂ ನಿಲ್ಲುತ್ತದೆ. ಕಂಪೈಲ್ ಮಾಡುವಾಗ ಥ್ರೆಡೆಡ್ ಆಯ್ಕೆ ಕೊಟ್ಟಿದ್ದೀರಾ ನೋಡಿ. ಅದಿಲ್ಲದೆ ವೇಟ್‌ಫಾರ್‌ಪ್ರೊಸೆಸ್ ಕರೆದರೆ ಪ್ರೋಗ್ರಾಂನ ಉಳಿದ ಎಲ್ಲ ಹ್ಯಾಸ್ಕೆಲ್ ಥ್ರೆಡ್‌ಗಳೂ ತಡೆದು ನಿಲ್ಲುತ್ತವೆ, ಓದುವ ಥ್ರೆಡ್ ಕೂಡ. ಇಲ್ಲಿ ಪೇರೆಂಟ್‌ನ ಡಬ್ಲ್ಯುಚಾನ್‌ನಲ್ಲಿ ಡು-ವೇಟ್ ಎಂದು ಕಾಣುವುದು ಸುಳಿವು.

ಪರಿಹಾರಕ್ಕೆ ಬಂದರೆ, ಔಟ್‌ಪುಟ್ ಮತ್ತು ಎರರ್ ಎರಡನ್ನೂ ಏಕಕಾಲದಲ್ಲಿ ಓದಬೇಕು. ರೀಡ್‌ಪ್ರೊಸೆಸ್‌ವಿತ್‌ಎಕ್ಸಿಟ್‌ಕೋಡ್ ಫಂಕ್ಷನ್ ಒಳಗೇ ಥ್ರೆಡ್‌ಗಳನ್ನಿಟ್ಟು ಇದನ್ನು ಮಾಡುತ್ತದೆ. ಟೈಪ್ಡ್‌-ಪ್ರೊಸೆಸ್ ಲೈಬ್ರರಿಯ ರೀಡ್‌ಪ್ರೊಸೆಸ್ ಬೈಟ್‌ಸ್ಟ್ರಿಂಗ್‌ನಲ್ಲಿ ಮಾಡುತ್ತದೆ. ಕೈಯಾರೆ ಮಾಡುವುದಾದರೆ ಅಸಿಂಕ್ ಲೈಬ್ರರಿಯ ಕನ್‌ಕರೆಂಟ್ಲಿ ಸಾಕು. ಗಿರಣಿಯಲ್ಲಿ ಇನ್ನೂ ಸರಳವಾದ ದಾರಿ ಹಿಡಿದೆವು: ಎಚ್ಚರಿಕೆಗಳನ್ನು ಪ್ರೋಗ್ರಾಂ ಓದಬೇಕಾದ ಅಗತ್ಯವೇ ಇರಲಿಲ್ಲ, ಗುಮಾಸ್ತರು ಓದಬೇಕಿತ್ತು. ಹಾಗಾಗಿ ಸ್ಟ್ಯಾಂಡರ್ಡ್ ಎರರ್ ಅನ್ನು ನೇರವಾಗಿ ದಿನಾಂಕದ ಹೆಸರಿನ ಫೈಲಿಗೆ ತಿರುಗಿಸಿದೆವು. ಫೈಲ್ ಪೈಪ್‌ನಂತೆ ತುಂಬಿ ತಡೆಯುವುದಿಲ್ಲ.

ಮುಚ್ಚದ ತುದಿ

ಪೈಪ್‌-ರೀಡ್ ಕಂಡವರಿಗೆ ಈ ಭಾಗ. ಪೈಪ್‌ನ ಬರೆಯುವ ತುದಿಯ ಎಲ್ಲ ಪ್ರತಿಗಳೂ ಮುಚ್ಚಿದಾಗ ಮಾತ್ರ ಓದುವವನಿಗೆ ‘ಮುಗಿಯಿತು’ ಎಂದು ತಿಳಿಯುತ್ತದೆ. ಒಂದೇ ಒಂದು ಪ್ರತಿ ಯಾವುದಾದರೂ ಪ್ರೊಸೆಸ್‌ನಲ್ಲಿ ತೆರೆದಿದ್ದರೂ ಸಾರ್ಟ್ ಕಾಯುತ್ತಲೇ ಇರುತ್ತದೆ, ಏಕೆಂದರೆ ಕೊನೆಯ ಸಾಲು ಬಾರದೆ ಮೊದಲ ಸಾಲನ್ನು ಅದು ಕೊಡಲಾರದು.

ತೀರ ಸಾಮಾನ್ಯ ಕಾರಣ: ಚೈಲ್ಡ್‌ನ ಇನ್‌ಪುಟ್‌ಗೆ ಬರೆದು ಎಚ್‌ಕ್ಲೋಸ್‌ನಿಂದ ಅದನ್ನು ಮುಚ್ಚದಿರುವುದು. ಅದನ್ನು ಮೊದಲು ನೋಡಿ. ಎರಡು ಕಮಾಂಡ್‌ಗಳನ್ನು ನೀವೇ ಜೋಡಿಸುವಾಗ, ಮೊದಲನೆಯದರ ಔಟ್‌ಪುಟ್ ಹ್ಯಾಂಡಲ್ (ಪ್ರೋಗ್ರಾಂ ಪೈಪ್‌ನ ತುದಿಯನ್ನು ಹಿಡಿಯುವ ಹಿಡಿಕೆ) ಅನ್ನು ಎರಡನೆಯದಕ್ಕೆ ಯೂಸ್‌ಹ್ಯಾಂಡಲ್ ಮೂಲಕ ಕೊಟ್ಟರೆ, ಪೇರೆಂಟ್‌ನಲ್ಲಿರುವ ಪ್ರತಿಯನ್ನು ಕ್ರಿಯೇಟ್‌ಪ್ರೊಸೆಸ್ ತಾನೇ ಮುಚ್ಚುತ್ತದೆ. ಅದರ ಚಿಂತೆ ಬೇಡ.

ಕಾರಣ ಹೊಳೆಯದಿದ್ದರೆ ತುದಿ ಹಿಡಿದವರನ್ನು ಹುಡುಕಿ. /ಪ್ರಾಕ್/ಪಿಐಡಿ/ಎಫ್‌ಡಿ ಡೈರೆಕ್ಟರಿಯಲ್ಲಿ ಪ್ರತಿ ಪೈಪ್‌ಗೂ ಒಂದು ಸಂಖ್ಯೆ ಚೌಕ ಆವರಣದಲ್ಲಿ ಇರುತ್ತದೆ. ಕಾಯುತ್ತಿರುವ ಪ್ರೊಸೆಸ್‌ನ ಇನ್‌ಪುಟ್, ಅಂದರೆ ಸೊನ್ನೆಯ ಮುಂದಿರುವ ಸಂಖ್ಯೆ ಬರೆದುಕೊಳ್ಳಿ. ಅದೇ ಸಂಖ್ಯೆ ಇನ್ನಾವ ಪ್ರೊಸೆಸ್‌ನ ಡೈರೆಕ್ಟರಿಯಲ್ಲಿದೆ ಎಂದು, ತೆರೆದ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್‌ನಿಂದ ಹುಡುಕಿ. ಅದರ ಎಫ್‌ಡಿ ಅಂಕಣದಲ್ಲಿ ಬರೆಯುವ ಗುರುತು (ಡಬ್ಲ್ಯು) ಇದ್ದರೆ ಅವನೇ ತುದಿ ಬಿಡದವನು.

ಕೆಲವೊಮ್ಮೆ ಸಿಗುವ ಉತ್ತರ ಅಚ್ಚರಿ ಹುಟ್ಟಿಸುತ್ತದೆ. ನೀವು ಓಡಿಸಿದ ಕಮಾಂಡ್ ಮುಗಿದುಹೋಗಿದೆ, ಪಿಎಸ್‌ನಲ್ಲಿ ಡಿಫಂಕ್ಟ್ ಎಂದು ಕಾಣುತ್ತಿದೆ, ಆದರೂ ಓದು ಮುಗಿಯುತ್ತಿಲ್ಲ. ಆ ಕಮಾಂಡ್ ಸಾಯುವ ಮೊದಲು ಹಿನ್ನೆಲೆಯಲ್ಲಿ ಇನ್ನೊಂದನ್ನು ಬಿಟ್ಟಿರುತ್ತದೆ, ಅದು ಔಟ್‌ಪುಟ್ ತುದಿಯನ್ನು ಪಿತ್ರಾರ್ಜಿತವಾಗಿ ಪಡೆದು ಕುಳಿತಿರುತ್ತದೆ. ಹಿನ್ನೆಲೆಗೆ ಬಿಡುವಾಗ ಅದರ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಬೇರೆಡೆಗೆ ತಿರುಗಿಸುವುದೇ ಪರಿಹಾರ.

ಕಾಲಮಿತಿ ಹಾಕಿದವರಿಗೂ ಇದೇ ಎದುರಾಗುತ್ತದೆ. ಶೆಲ್‌ಗೆ (ಕಮಾಂಡ್ ಸಾಲನ್ನು ಓದಿ ಓಡಿಸುವ ಪ್ರೋಗ್ರಾಂ) ಒಪ್ಪಿಸುವ ಹ್ಯಾಸ್ಕೆಲ್‌ನ ಶೆಲ್ ಫಂಕ್ಷನ್‌ನಿಂದ ಪೈಪ್‌ಲೈನ್ ಓಡಿಸಿ, ಸಮಯ ಮೀರಿತೆಂದು ಟರ್ಮಿನೇಟ್‌ಪ್ರೊಸೆಸ್ ಕರೆದರೆ ಸಾಯುವುದು ಶೆಲ್ ಮಾತ್ರ. ಅದರ ಕೆಳಗಿನ ಸಾರ್ಟ್, ಆಕ್ ಬದುಕಿರಬಹುದು. ಕ್ರಿಯೇಟ್‌-ಗ್ರೂಪ್ ಅನ್ನು ಟ್ರೂ ಮಾಡಿ ಇಡೀ ಗುಂಪಿಗೆ ಸಿಗ್ನಲ್ ಕಳಿಸಿ. ಇಲ್ಲವೇ ಟೈಮ್‌ಔಟ್ ಕಮಾಂಡ್‌ನ ಒಳಗೆ ಓಡಿಸಿ. ಸಮಯ ಮೀರಿದಾಗ ಅದು 124 ಎಂಬ ಎಕ್ಸಿಟ್ ಕೋಡ್ (ಕಮಾಂಡ್ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆ; 0 ಎಂದರೆ ಯಶಸ್ಸು) ಕೊಡುತ್ತದೆ.

ನಿಲ್ಲದೆ ತಪ್ಪು ಮೊತ್ತ ಕೊಡುವುದು

ನಿಂತ ಪ್ರೋಗ್ರಾಂ ಕನಿಷ್ಠ ಸುಳ್ಳು ಹೇಳುವುದಿಲ್ಲ. ನನಗೆ ಹೆಚ್ಚು ಭಯವಿರುವುದು ಮುಂದಿನ ದೋಷದ ಬಗ್ಗೆ, ಏಕೆಂದರೆ ಇದರಲ್ಲಿ ರೈತನ ಹಣ ಹೋಗುತ್ತದೆ.

ವೇಬ್ರಿಡ್ಜ್‌ನಿಂದ ಬರುವ ಫೈಲ್ ವಿದ್ಯುತ್ ಹೋಗಿ ಅರ್ಧಕ್ಕೆ ತುಂಡಾಗಿದೆ ಎಂದುಕೊಳ್ಳಿ. ಜಿಜಿಪ್ ಇದ್ದಷ್ಟನ್ನು ಬಿಚ್ಚಿ, ಫೈಲ್ ಅನಿರೀಕ್ಷಿತವಾಗಿ ಮುಗಿಯಿತೆಂದು ಎರರ್‌ನಲ್ಲಿ ಹೇಳಿ, 1 ಎಂಬ ಕೋಡ್‌ನೊಂದಿಗೆ ಹೊರಬರುತ್ತದೆ. ಸಾರ್ಟ್ ಮತ್ತು ಆಕ್ ತಮಗೆ ಬಂದಷ್ಟರ ಮೊತ್ತ ತೆಗೆದು 0 ಕೊಡುತ್ತವೆ. ಪೈಪ್‌ಲೈನ್‌ನ ಎಕ್ಸಿಟ್ ಕೋಡ್ ಎಂದರೆ ಕೊನೆಯ ಕಮಾಂಡ್‌ನ ಕೋಡ್. ಹ್ಯಾಸ್ಕೆಲ್‌ಗೆ ಎಕ್ಸಿಟ್‌ಸಕ್ಸೆಸ್ ಸಿಗುತ್ತದೆ, ಪಟ್ಟಿ ಅಚ್ಚಾಗುತ್ತದೆ, ಸಂಜೆ ಬಂದ ಲಾರಿಗಳು ಅದರಲ್ಲಿ ಇರುವುದಿಲ್ಲ.

ಪತ್ತೆಗೆ ದಾರಿ: ಪೈಪ್‌ಲೈನ್‌ನ ಮೊದಲ ಕಮಾಂಡ್ ಜಾಗದಲ್ಲಿ, ಯಾವಾಗಲೂ ವಿಫಲವಾಗುವ ಫಾಲ್ಸ್ ಕಮಾಂಡ್ ಇಟ್ಟು ಓಡಿಸಿ. ಪ್ರೋಗ್ರಾಂ ದೂರದೆ ಮುಗಿದರೆ ಈ ದೋಷ ನಿಮ್ಮಲ್ಲಿದೆ.

ಬ್ಯಾಷ್ ಎಂಬ ಶೆಲ್‌ನ ಪೈಪ್‌ಫೇಲ್ ಆಯ್ಕೆ (ಯಾವ ಹಂತ ಸೋತರೂ ಇಡೀ ಪೈಪ್‌ಲೈನ್ ಸೋತಿತೆನ್ನುವುದು) ಇದನ್ನು ಸರಿಪಡಿಸುತ್ತದೆ, ಆದರೆ ಹ್ಯಾಸ್ಕೆಲ್‌ನ ಶೆಲ್ ಫಂಕ್ಷನ್ ಕರೆಯುವುದು ಬ್ಯಾಷ್ ಅನ್ನಲ್ಲ, /ಬಿನ್/ಎಸ್‌ಎಚ್ ಅನ್ನು. ಉಬುಂಟು, ಡೆಬಿಯನ್‌ಗಳಲ್ಲಿ ಅದು ಡ್ಯಾಶ್ ಎಂಬ ಬೇರೆ ಶೆಲ್. ಪೈಪ್‌ಫೇಲ್ ಪಾಸಿಕ್ಸ್ ಮಾನದಂಡಕ್ಕೆ ಸೇರಿದ್ದೇ 2024ರಲ್ಲಿ. ಹಳೆಯ ಡ್ಯಾಶ್ ಅದನ್ನು ಅಕ್ರಮ ಆಯ್ಕೆ ಎಂದು ತಿರಸ್ಕರಿಸುತ್ತದೆ. ಬ್ಯಾಷ್ ಅನ್ನು ಹೆಸರಿಟ್ಟು ಕರೆಯಿರಿ. ಅದಕ್ಕಿಂತ ಗಟ್ಟಿಯಾದ ಉಪಾಯ, ನಾನು ಶಿಫಾರಸು ಮಾಡುವುದು: ಪ್ರತಿ ಹಂತವನ್ನೂ, ಶೆಲ್ ಇಲ್ಲದೆ ನೇರವಾಗಿ ಕಮಾಂಡ್ ಓಡಿಸುವ ಪ್ರಾಕ್ ಫಂಕ್ಷನ್‌ನಿಂದ ಬೇರೆ ಬೇರೆ ಪ್ರೊಸೆಸ್ ಆಗಿ ಹುಟ್ಟಿಸಿ, ಹ್ಯಾಂಡಲ್‌ಗಳಿಂದ ಜೋಡಿಸಿ, ಎಲ್ಲವುಗಳ ಎಕ್ಸಿಟ್ ಕೋಡ್ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುವುದು. ಫಂಕ್ಷನಲ್ ಭಾಷೆಯ ಶಕ್ತಿ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ಯಾವ ಹಂತದ ಯಾವ ಕೋಡ್ ಸಹ್ಯ, ಯಾವುದು ಅಲ್ಲ ಎಂಬುದನ್ನು ಟೈಪ್‌ನಲ್ಲೇ ಬರೆದಿಡಬಹುದು.

ಅದನ್ನು ಬರೆದಿಡಲೇಬೇಕು, ಏಕೆಂದರೆ ಸೊನ್ನೆಯಲ್ಲದ ಎಲ್ಲ ಕೋಡ್‌ಗಳೂ ದೋಷವಲ್ಲ. ಸಾಲು ಹುಡುಕುವ ಗ್ರೆಪ್‌ಗೆ ಏನೂ ಸಿಗದಿದ್ದರೆ 1, ನಿಜವಾದ ತೊಂದರೆಯಾದರೆ 2. ಮಾನ್ವಿಯಿಂದ ಇಂದು ಒಂದು ಲಾರಿಯೂ ಬಂದಿಲ್ಲ ಎಂಬುದು ದೋಷವಲ್ಲ. ಹಾಗೆಯೇ ಸಾರ್ಟ್‌ನ ನಂತರ ಹೆಡ್ ಇದ್ದು, ಹೆಡ್ ಹತ್ತು ಸಾಲು ತೆಗೆದುಕೊಂಡು ಹೊರಟರೆ, ಇನ್ನೂ ಬರೆಯುತ್ತಿರುವ ಸಾರ್ಟ್‌ಗೆ ಸಿಗ್‌ಪೈಪ್ ಎಂಬ 13ನೆಯ ಸಿಗ್ನಲ್ ಬಂದು ಅದು ಸಾಯುತ್ತದೆ. ಶೆಲ್ ಮೂಲಕ ನೋಡಿದರೆ ಇದು 141 (128ಕ್ಕೆ 13 ಕೂಡಿಸಿ), ನೇರವಾಗಿ ಪ್ರಾಕ್‌ನಿಂದ ಓಡಿಸಿದರೆ ಹ್ಯಾಸ್ಕೆಲ್‌ನಲ್ಲಿ ಮೈನಸ್ 13. ಘಟನೆ ಒಂದೇ, ನಿರುಪದ್ರವಿ. 127 ಕಂಡರೆ ಕಮಾಂಡ್ ಸಿಕ್ಕಿಲ್ಲ, 126 ಕಂಡರೆ ಸಿಕ್ಕಿದೆ ಆದರೆ ಓಡಿಸಲು ಅನುಮತಿ ಇಲ್ಲ.

ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಸಾವು

ಕ್ರಾನ್ ನಿಮ್ಮ ಲಾಗಿನ್ ಪರಿಸರವನ್ನು ತರುವುದಿಲ್ಲ. ಪಾತ್ (ಕಮಾಂಡ್ ಹುಡುಕುವ ಜಾಗಗಳ ಪಟ್ಟಿ) ಮೊಟಕಾಗಿರುತ್ತದೆ, ಲ್ಯಾಂಗ್ (ಭಾಷೆ, ಎನ್‌ಕೋಡಿಂಗ್ ಹೇಳುವ ಸೆಟ್ಟಿಂಗ್) ಇರದಿರಬಹುದು. ಪಾತ್ ಸಮಸ್ಯೆಗೆ 127 ಬರುತ್ತದೆ ಅಥವಾ ಫೈಲ್ ಇಲ್ಲವೆಂಬ ಎಕ್ಸೆಪ್ಶನ್ ಬರುತ್ತದೆ. ಕಮಾಂಡ್‌ನ ಪೂರ್ಣ ವಿಳಾಸ ಬರೆದರೆ ಮುಗಿಯಿತು.

ಲ್ಯಾಂಗ್ ಇಲ್ಲದಿದ್ದರೆ ಹ್ಯಾಸ್ಕೆಲ್ ಕನ್ನಡ ಓದಲಾರದು. ಹೊಸ ಆವೃತ್ತಿಗಳಲ್ಲಿ ಬರುವ ಸಂದೇಶದ ಸಾರ, 224ರಿಂದ ಶುರುವಾಗುವ ಬೈಟ್ ಸರಣಿಯನ್ನು ಬಿಡಿಸಲಾಗಲಿಲ್ಲ ಎಂದು. ಹಳೆಯವು ಬರೀ ಅಮಾನ್ಯ ಬೈಟ್ ಸರಣಿ ಎನ್ನುತ್ತವೆ. ಆ 224 ಅನ್ನು ಗುರುತಿಟ್ಟುಕೊಳ್ಳಿ. ಯುಟಿಎಫ್‌-8ರಲ್ಲಿ ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ 224. ತೆಲುಗು, ದೇವನಾಗರಿಗಳಿಗೂ ಅದೇ, ಹಾಗಾಗಿ ರಾಯಚೂರು, ಬಳ್ಳಾರಿಗಳಲ್ಲಿ ತೆಲುಗು ಹೆಸರು ಬೆರೆತ ಫೈಲ್‌ಗಳಲ್ಲೂ ಇದೇ ಸಂಖ್ಯೆ ಕಾಣುತ್ತದೆ. ಅದು ಕಂಡರೆ ಫೈಲ್ ಕೆಟ್ಟಿಲ್ಲ, ಓದುವ ಕಡೆಯ ಎನ್‌ಕೋಡಿಂಗ್ ಹೊಂದಿಕೆಯಾಗಿಲ್ಲ. ಪ್ರತಿ ಹ್ಯಾಂಡಲ್‌ಗೆ ಎಚ್‌ಸೆಟ್‌ಎನ್‌ಕೋಡಿಂಗ್‌ನಿಂದ ಯುಟಿಎಫ್‌-8 ಎಂದು ಹೇಳಿ, ಅಥವಾ ಬೈಟ್‌ಸ್ಟ್ರಿಂಗ್ ಆಗಿ ಓದಿ ನೀವೇ ಬಿಡಿಸಿ. ಕ್ರಾನ್ ಫೈಲಿನಲ್ಲಿ ಲ್ಯಾಂಗ್ ಬರೆಯುವುದೂ ಕೆಲಸ ಮಾಡುತ್ತದೆ, ಆದರೆ ಯಂತ್ರ ಬದಲಾದಾಗ ಆ ಸಾಲು ಮರೆತುಹೋಗುತ್ತದೆ.

ಸಾರ್ಟ್ ಮತ್ತು ಜಾಯಿನ್ ಕಮಾಂಡ್‌ಗಳನ್ನು ಒಟ್ಟಿಗೆ ಬಳಸುವವರು ಎರಡಕ್ಕೂ ಒಂದೇ ಲೊಕೇಲ್ (ಭಾಷೆ, ಅಕ್ಷರಕ್ರಮದ ಸೆಟ್ಟಿಂಗ್) ಕೊಡಿ. ಕ್ರಮ ಬೇರೆಯಾದರೆ ಜಾಯಿನ್ ಕೆಲವು ಊರುಗಳನ್ನು ಬಿಟ್ಟುಬಿಡುತ್ತದೆ.

ಸಣ್ಣಪುಟ್ಟವು

ಪ್ರಾಕ್ ಫಂಕ್ಷನ್‌ಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಅದು ವಿಸ್ತರಿಸುವುದಿಲ್ಲ, ಟಿಲ್ಡೆಯೂ ಇಲ್ಲ; ಅವು ಶೆಲ್‌ನ ಕೆಲಸ. ಹಾಗೆಂದು ಶೆಲ್ ಫಂಕ್ಷನ್‌ಗೆ ಜಿಗಿಯಬೇಡಿ. ರೈತರ ಹೆಸರನ್ನೋ ಫೈಲ್ ಹೆಸರನ್ನೋ ಶೆಲ್‌ನ ಸಾಲಿನೊಳಗೆ ಅಂಟಿಸಿದರೆ, ನಡುವೆ ಖಾಲಿ ಜಾಗವೋ ಉದ್ಧರಣ ಚಿಹ್ನೆಯೋ ಬಂದ ದಿನ ಕಮಾಂಡ್ ಮುರಿಯುತ್ತದೆ ಅಥವಾ ಬೇರೇನನ್ನೋ ಓಡಿಸುತ್ತದೆ.

ಉತ್ತರ ಬರುತ್ತದೆ, ಆದರೆ ತಡವಾಗಿ, ಗುಂಪಾಗಿ ಬರುತ್ತದೆ ಎಂದಾದರೆ ಅದು ಬಫರಿಂಗ್. ಔಟ್‌ಪುಟ್ ಟರ್ಮಿನಲ್ ಅಲ್ಲ, ಪೈಪ್ ಎಂದು ತಿಳಿದ ಕಮಾಂಡ್‌ಗಳು ಸಾಲು ಸಾಲಾಗಿ ಬರೆಯದೆ ಕೂಡಿಟ್ಟು ಬರೆಯುತ್ತವೆ. ಗ್ರೆಪ್‌ಗೆ ಲೈನ್‌-ಬಫರ್ಡ್ ಆಯ್ಕೆ, ಸೆಡ್‌ಗೆ ಯು ಆಯ್ಕೆ, ಆಕ್‌ನಲ್ಲಿ ಎಫ್‌ಫ್ಲಶ್, ಉಳಿದ ಹಲವಕ್ಕೆ ಎಸ್‌ಟಿಡಿಬಫ್. ನಿಮ್ಮ ಕಡೆಯಿಂದ ಹೋಗುವುದಕ್ಕೆ ಎಚ್‌ಫ್ಲಶ್.

ಬೇರೆ ಭಾಷೆಗಳಲ್ಲಿ

ಒಕ್ಯಾಮ್ಲ್‌ನ ಓಪನ್‌-ಪ್ರೊಸೆಸ್‌-ಫುಲ್ ಮೂರು ಚಾನೆಲ್‌ಗಳನ್ನು ಕೈಗೆ ಕೊಡುತ್ತದೆ, ತುಂಬಿದ ಪೈಪ್‌ನ ದೋಷ ಅಲ್ಲೂ ಹಾಗೆಯೇ ಇದೆ. ಪತ್ತೆಯ ವಿಧಾನವೂ ಮೇಲಿನದೇ. ಕ್ಲೋಜರ್‌ನ ಎಸ್‌ಎಚ್ ಫಂಕ್ಷನ್ ಒಳಗೆ ಫ್ಯೂಚರ್ (ಬೇರೆ ಥ್ರೆಡ್‌ನಲ್ಲಿ ನಡೆಯುವ ಕೆಲಸ) ಬಳಸುವುದರಿಂದ ಓದುವ ತೊಂದರೆ ಇಲ್ಲ, ಬದಲಿಗೆ ಕೆಲಸ ಮುಗಿದರೂ ಪ್ರೋಗ್ರಾಂ ಸುಮಾರು ಒಂದು ನಿಮಿಷ ಹೊರಬರುವುದಿಲ್ಲ. ಕೊನೆಯಲ್ಲಿ ಶಟ್‌ಡೌನ್‌-ಏಜೆಂಟ್ಸ್ ಕರೆಯಬೇಕು. ಎಲಿಕ್ಸರ್ ಮತ್ತು ಅರ್ಲಾಂಗ್‌ನ ಪೋರ್ಟ್‌ಗಳ (ಹೊರಗಿನ ಕಮಾಂಡ್ ಜೊತೆ ವ್ಯವಹರಿಸುವ ದಾರಿ) ವಿಷಯ ಬೇರೆ: ಚೈಲ್ಡ್‌ನ ಇನ್‌ಪುಟ್ ಅನ್ನು ಮಾತ್ರ ಮುಚ್ಚಿ ಔಟ್‌ಪುಟ್ ತೆರೆದಿಡುವ ಸೌಲಭ್ಯ ಅಲ್ಲಿಲ್ಲ. ಪೋರ್ಟ್ ಮುಚ್ಚಿದರೆ ಎರಡೂ ಹೋಗುತ್ತವೆ. ಆದ್ದರಿಂದ ಇನ್‌ಪುಟ್ ಮುಗಿಯುವುದನ್ನೇ ಕಾಯುವ ಸಾರ್ಟ್, ಡಬ್ಲ್ಯುಸಿಯಂಥ ಕಮಾಂಡ್‌ಗಳಿಗೆ ಪೋರ್ಟ್ ಮೂಲಕ ದತ್ತಾಂಶ ಉಣಿಸಿದರೆ ಅವು ಎಂದಿಗೂ ಉತ್ತರ ಕೊಡುವುದಿಲ್ಲ. ದತ್ತಾಂಶವನ್ನು ತಾತ್ಕಾಲಿಕ ಫೈಲಿಗೆ ಬರೆದು, ಆ ಫೈಲಿನ ಹೆಸರನ್ನು ಕಮಾಂಡ್‌ಗೆ ಕೊಡಿ.